ನೀಲಿ ಪ್ರತಿ ಮರಳಿ ಬಂತೇ?

2022ರ ಜನವರಿ 6ರ ಬೆಳಗಿನ ಜಾವ ಸೂರತ್‌ನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರೊಂದು ರಾಸಾಯನಿಕ ತ್ಯಾಜ್ಯವನ್ನು ಕದ್ದುಮುಚ್ಚಿ ನಾಲೆಗೆ ಬಿಡುತ್ತಿತ್ತು. ಅಲ್ಲಿಂದೆದ್ದ ವಿಷಾನಿಲಕ್ಕೆ ಪಕ್ಕದ ಬಟ್ಟೆ ಗಿರಣಿಯ 6 ಕಾರ್ಮಿಕರು ಬಲಿಯಾದರು, ಇಪ್ಪತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಆ ತ್ಯಾಜ್ಯಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ.

ಬೇರೆ ಬೇರೆ ಪೀಪಾಯಿಗಳಲ್ಲಿ ಸುಮ್ಮನಿರುವ ದ್ರವಗಳು ಒಂದಾದಾಗ ಕೊಲ್ಲಬಲ್ಲವು. ಸಲ್ಫೈಡ್ ಇರುವ ದ್ರವಕ್ಕೆ ಆಮ್ಲ ಬಿದ್ದರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಪ್ಲೇಟಿಂಗ್ ಘಟಕದ ಸಯನೈಡ್ ದ್ರಾವಣಕ್ಕೆ ಬಿದ್ದರೆ ಹೈಡ್ರೋಜನ್ ಸಯನೈಡ್. ಮೊದಲನೆಯದಕ್ಕೆ ಕೊಳೆತ ಮೊಟ್ಟೆಯ ನಾತವಿದೆ, ಗೊತ್ತಾಗಿಬಿಡುತ್ತದೆ ಎಂದು ನಂಬುವಂತಿಲ್ಲ. ಸುಮಾರು 100 ಪಿಪಿಎಂ ದಾಟಿದರೆ ಮೂಗೇ ಮರಗಟ್ಟಿ ವಾಸನೆ ತಿಳಿಯದಾಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ಅದು ತಗ್ಗಿನಲ್ಲೇ ಮಡುಗಟ್ಟುತ್ತದೆ. ಹಾಗಾಗಿ ಬಾಡಿಗೆಗೆ ಬಂದ ಟ್ಯಾಂಕರಿನಲ್ಲಿ ನಿನ್ನೆ ಏನು ತುಂಬಿತ್ತು, ಅದನ್ನು ತೊಳೆದಿದ್ದಾರೆಯೇ ಎಂದು ಕೇಳುವುದು ಅತಿಯಾದ ಅನುಮಾನವಲ್ಲ.

ಕಾಯ್ದೆ ಈ ಭಯವನ್ನೆಲ್ಲ ಕಾಗದಕ್ಕಿಳಿಸಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ನಮೂನೆ 10, ಅಂದರೆ ಮ್ಯಾನಿಫೆಸ್ಟ್, ಏಳು ಬಣ್ಣದ ಏಳು ಪ್ರತಿಗಳಲ್ಲಿರುತ್ತದೆ. ಬಿಳಿ ಪ್ರತಿ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಹಳದಿ ಕಾರ್ಖಾನೆಯಲ್ಲೇ. ಉಳಿದ ಐದು ಲಾರಿಯ ಜೊತೆ ಹೊರಡುತ್ತವೆ. ತ್ಯಾಜ್ಯ ಪಡೆದವರು ಸಹಿ ಹಾಕಿ ಗುಲಾಬಿಯನ್ನು ತಾವಿಟ್ಟುಕೊಂಡು, ಕಿತ್ತಳೆಯನ್ನು ಸಾಗಣೆದಾರನಿಗೆ ಕೊಡುತ್ತಾರೆ. ಹಸಿರು ಮಂಡಳಿಗೆ ಹೋಗುತ್ತದೆ, ತ್ಯಾಜ್ಯ ಹೊರರಾಜ್ಯದಿಂದ ಬಂದಿದ್ದರೆ ಬೂದು ಆ ರಾಜ್ಯದ ಮಂಡಳಿಗೆ. ನೀಲಿ ಪ್ರತಿ ಮಾತ್ರ ಕಳಿಸಿದವರಿಗೇ ಮರಳಬೇಕು. ಸರಕು ಸೇರಬೇಕಾದಲ್ಲಿ ಸೇರಿತು ಎನ್ನಲು ಕಾರ್ಖಾನೆಯ ಕೈಯಲ್ಲಿರುವ ಸಾಕ್ಷಿ ಅದು.

ಚಾಲಕನ ಬಳಿ ತುರ್ತು ಸೂಚನೆಗಳ ಟ್ರೆಮ್ ಕಾರ್ಡ್ ಇರಬೇಕು. ಅಪಾಯಕಾರಿ ಸರಕಿನ ಚಾಲಕನಿಗೆ ಮೋಟಾರು ವಾಹನ ನಿಯಮಗಳು 3 ದಿನಗಳ ತರಬೇತಿಯನ್ನು ಕಡ್ಡಾಯ ಮಾಡಿವೆ. ಒಂದು ಭಾರತೀಯ ಭಾಷೆಯ ಜೊತೆ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕು. ಲಾರಿ ಮಗುಚಿದಾಗ ಅಗ್ನಿಶಾಮಕ ದಳಕ್ಕೆ ಒಳಗೇನಿದೆ ಎಂದು ಹೇಳಬೇಕಾದವನು ಅವನೇ ತಾನೆ.

ಪೀಣ್ಯದಂಥ ಕಡೆ ಸಣ್ಣ ಪ್ಲೇಟಿಂಗ್ ಘಟಕ ನಡೆಸುವವರಿಗೆ ಇದೆಲ್ಲ ತಲೆನೋವು, ನಿಜ. ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಗಡುವು ಹತ್ತಿರವಾದಾಗ ಕಡಿಮೆ ದರ ಹೇಳುವವನೇ ಆಪದ್ಬಾಂಧವನಂತೆ ಕಾಣುತ್ತಾನೆ. ಆಗ ಸಣ್ಣ ಲೆಕ್ಕವೊಂದನ್ನು ಹಾಕಬೇಕು. ದಾಬಸ್‌ಪೇಟೆಯಲ್ಲಿರುವಂಥ ವಿಲೇವಾರಿ ಕೇಂದ್ರ ಟನ್ನಿಗೆ ಪಡೆಯುವ ಶುಲ್ಕವೆಷ್ಟು ಎಂದು ವಿಚಾರಿಸಿ. ಸಾಗಣೆ, ವಿಲೇವಾರಿ ಎರಡೂ ಸೇರಿ ಅದಕ್ಕಿಂತ ಅಗ್ಗವಾಗಿ ಮಾಡಿಕೊಡುತ್ತೇನೆ ಎನ್ನುವವನ ಲಾರಿ ಅಲ್ಲಿಗೆ ಹೋಗುವುದಿಲ್ಲ. ಕೆರೆಯೋ ರಾಜಕಾಲುವೆಯೋ ಶುಲ್ಕ ಕೇಳುವುದಿಲ್ಲವಲ್ಲ! ಹಾಗೆ ಸುರಿದ ಪ್ಲೇಟಿಂಗ್ ತ್ಯಾಜ್ಯದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇದ್ದರೆ ಅದು ನೀರಿನಲ್ಲಿ ಸುಲಭವಾಗಿ ಕರಗಿ ಅಂತರ್ಜಲಕ್ಕೆ ಇಳಿಯುತ್ತದೆ. ಪೀಣ್ಯದ ಕೊಳವೆಬಾವಿಗಳು ಕ್ರೋಮಿಯಂ ಕಂಡಿವೆ.

ಲಾರಿ ಗೇಟು ದಾಟಿದ ಮೇಲೆ ಹೊಣೆ ತೀರಿತು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ನಿಯಮ 23 ಅದನ್ನು ಒಪ್ಪುವುದಿಲ್ಲ: ಸರಿಯಾಗಿ ನಿರ್ವಹಿಸದ ತ್ಯಾಜ್ಯದಿಂದ ಪರಿಸರಕ್ಕೋ ಇತರರಿಗೋ ಆದ ಹಾನಿಗೆ ಅದನ್ನು ಹುಟ್ಟುಹಾಕಿದ ಕಾರ್ಖಾನೆಯೂ ಹೊಣೆ. ಆದ್ದರಿಂದ ಸಾಗಣೆದಾರನ ಅಧಿಕಾರಪತ್ರವನ್ನು ಮೊದಲು ನೋಡಿ, ದರವನ್ನು ಆಮೇಲೆ ಕೇಳಿ. ನೀಲಿ ಪ್ರತಿ ಕೈಸೇರುವ ತನಕ ಬಾಡಿಗೆಯ ಕೊನೆಯ ಕಂತನ್ನು ಕೊಡಬೇಡಿ.