ಗಿಡಮರ ನೆಟ್ಟರೆ ಮಂಗನಿಗೆ ಕಾಡಾಗದು

ಬಳ್ಳಾರಿಯ ಹಳೆಯ ಕಿರು ಮೃಗಾಲಯದ ಪ್ರಾಣಿಗಳು ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಜೈವಿಕ ಉದ್ಯಾನ ಸೇರಿದ ಮೇಲೆ, ಬಳ್ಳಾರಿ, ಸಿರುಗುಪ್ಪ, ಕುರುಗೋಡಿನವರು ಪ್ರಾಣಿ ನೋಡಬೇಕೆಂದರೆ ಅಲ್ಲಿಗೆ ಹೋಗಬೇಕು. ಶಾಲಾ ಪ್ರವಾಸವಾದರೆ ಮೈಸೂರಿಗೆ. ಹೊಸ ಮೃಗಾಲಯಗಳಲ್ಲಿ ಪಂಜರದ ಬದಲು ಬಂಡೆ, ಮರ, ಕಂದಕಗಳಿವೆ. ಆದರೆ ವಾನರಗಳ ಬಗೆಗಿನ ನಮ್ಮ ತಿಳಿವಳಿಕೆ ಇನ್ನೂ ಪಂಜರದ ಕಾಲದ್ದೇ.

ತಪ್ಪು ಕಲ್ಪನೆ: ಹಸಿರು ಆವರಣವಿದ್ದರೆ ಪ್ರಾಣಿ ಸುಖವಾಗಿರುತ್ತದೆ.
ವಾಸ್ತವ: ಹಸಿರು ಹೆಚ್ಚಾಗಿ ನಮ್ಮ ಕಣ್ಣಿಗೆ ತಂಪು. ವಾನರಕ್ಕೆ ಮೊದಲು ಬೇಕಾದದ್ದು ಜೊತೆ. ಆಮೇಲೆ ಹತ್ತಲು ಎತ್ತರ, ಜನರ ಕಣ್ಣಿಂದ ಮರೆಯಾಗಲು ಜಾಗ, ಹುಡುಕಿ ತಿನ್ನುವ ಕೆಲಸ. ಮೈಸೂರು ಮೃಗಾಲಯದ ಗೊರಿಲ್ಲಾ ಪೋಲೋ ಎಷ್ಟೋ ವರ್ಷ ಒಂಟಿಯಾಗಿ ಬದುಕಿ 2014ರಲ್ಲಿ ತೀರಿಕೊಂಡಿತು. ಅದನ್ನು ನೋಡಲು ಜನ ಮುಗಿಬೀಳುತ್ತಿದ್ದರು. ಆದರೆ ಜನಸಂದಣಿ ತನ್ನ ಜಾತಿಯ ಒಂದು ಜೀವಕ್ಕೆ ಸಮವಾಗದು. 2021ರಲ್ಲಿ ಅದೇ ಮೃಗಾಲಯಕ್ಕೆ ಜರ್ಮನಿಯಿಂದ ಥಾಬೋ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳು ಜೊತೆಯಾಗಿಯೇ ಬಂದವು. ಗೊರಿಲ್ಲಾ ಗುಂಪಿಗೆ ಸಾಮಾನ್ಯವಾಗಿ ಒಂದೇ ಗಂಡು ಯಜಮಾನ. ಉಳಿದ ಗಂಡುಗಳನ್ನು ಹೀಗೆ ಒಟ್ಟಿಗೆ ಇಡುವುದು ಒಂದು ಒಳ್ಳೆಯ ದಾರಿ.

ತಪ್ಪು ಕಲ್ಪನೆ: ಕೋತಿ ಹಲ್ಲು ಕಿರಿದರೆ ನಗುತ್ತಿದೆ.
ವಾಸ್ತವ: ಅದು ಹೆದರಿಕೆ, ಇಲ್ಲವೇ ಬಲಶಾಲಿಗೆ ಶರಣಾದ ಗುರುತು. ದಿಟ್ಟಿಸಿ ನೋಡುವುದು ಅದರ ಲೋಕದಲ್ಲಿ ಬೆದರಿಕೆ. ಮೊಬೈಲ್ ಹಿಡಿದು ಎದುರಿಗೆ ನಿಂತು ನಾವು ಮಾಡುವುದೂ ಅದನ್ನೇ.

ತಪ್ಪು ಕಲ್ಪನೆ: ಕಂದಕದ ನೀರಿಗೆ ಎಲ್ಲ ಮಂಗಗಳೂ ಅಂಜುತ್ತವೆ.
ವಾಸ್ತವ: ಗೊರಿಲ್ಲಾ, ಚಿಂಪಾಂಜಿಗಳಿಗೆ ಸಾಮಾನ್ಯವಾಗಿ ಈಜು ಬಾರದು. ನಮ್ಮ ಕೋತಿಗಳು ಚೆನ್ನಾಗಿ ಈಜುತ್ತವೆ.

ತಪ್ಪು ಕಲ್ಪನೆ: ಊರಿನ ಕೋತಿಗಳನ್ನು ಹಿಡಿದು ಮೃಗಾಲಯಕ್ಕೆ ಬಿಟ್ಟರೆ ಕಾಟ ತಪ್ಪುತ್ತದೆ.
ವಾಸ್ತವ: ಈ ಮಾತು ಪ್ರತಿ ಊರಿನಲ್ಲೂ ಕೇಳುತ್ತದೆ, ಕಾಟ ಅನುಭವಿಸಿದವರ ಸಿಟ್ಟೂ ಸಹಜ. ಆದರೆ ಕೋತಿಗಳ ಗುಂಪಿನಲ್ಲಿ ತಾಯಿ ಕಡೆಯ ನಂಟು, ಮೇಲುಕೀಳಿನ ಕ್ರಮ ಗಟ್ಟಿಯಾಗಿರುತ್ತವೆ. ಅಪರಿಚಿತವನ್ನು ಒಳಗೆ ಬಿಟ್ಟರೆ ಕಚ್ಚಾಟ, ಗಾಯ, ರೋಗ. ಇತ್ತ ತಿಪ್ಪೆ, ದೇವಸ್ಥಾನದ ತಿನಿಸು ಹಾಗೇ ಇದ್ದರೆ ತೆರವಾದ ಜಾಗಕ್ಕೆ ಮತ್ತೊಂದು ಗುಂಪು ಬರುತ್ತದೆ. ಭಾರತದ ಪರ್ಯಾಯ ದ್ವೀಪ ಭಾಗದಲ್ಲಿ ಮಾತ್ರ ಇರುವ ನಮ್ಮ ಊರುಗಳ ಈ ಕೋತಿಯ ಸಂತತಿಯೂ ಕುಸಿಯುತ್ತಿದೆ.

ತಪ್ಪು ಕಲ್ಪನೆ: ಒಂದು ಬಾಳೆಹಣ್ಣು ಎಸೆದರೆ ಪುಣ್ಯ.
ವಾಸ್ತವ: ಕಾಡಿನ ಹಣ್ಣಿನಲ್ಲಿ ನಾರು ಹೆಚ್ಚು, ಸಿಹಿ ಕಡಿಮೆ, ತೋಟದ ಬಾಳೆಹಣ್ಣು ಹಾಗಲ್ಲ. ಜೊತೆಗೆ ನಮ್ಮ ಕೈಯ ಸೋಂಕು ಅವಕ್ಕೆ ಸುಲಭವಾಗಿ ತಗಲುತ್ತದೆ. ಮೃಗಾಲಯದ ಪ್ರಾಣಿಗೆ ತಿನ್ನಿಸುವುದು, ಕೆಣಕುವುದು, ಕೂಗಾಡಿ ಬೆದರಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮಕ್ಕಳನ್ನು ಕರೆದೊಯ್ಯುವಾಗ ದಯವಿಟ್ಟು ಇದನ್ನು ಬಸ್ಸು ಹತ್ತುವ ಮೊದಲೇ ಹೇಳಿ.