ಗಾಳದ ದಾರಕ್ಕೂ ಗಿಟಾರಿಗೂ ನಂಟು! ನಿಮಗಿದು ಗೊತ್ತೇ?

ಕಾಪು ಕಡಲ ಬಂಡೆಯ ಮೇಲೆ ನಿಂತು ಗಾಳ ಹಾಕುವವರ ಕೈಯಲ್ಲಿರುವ ತಂಗೂಸು ದಾರ. ಮಣಿಪಾಲದ ಹಾಸ್ಟೆಲ್ ಕೋಣೆಯಲ್ಲಿ ನುಡಿಯುವ ಕ್ಲಾಸಿಕಲ್ ಗಿಟಾರಿನ ತಂತಿ. ಎರಡೂ ಒಂದೇ ಕುಲದವು! ಕ್ಲಾಸಿಕಲ್ ಮತ್ತು ಫ್ಲಮೆಂಕೋ ಗಿಟಾರಿನ ತಾರಸ್ಥಾಯಿಯ ಮೂರು ತಂತಿಗಳಲ್ಲಿ ಲೋಹದ ಚೂರೂ ಇಲ್ಲ. ಸಾಮಾನ್ಯವಾಗಿ ಅವು ಅಪ್ಪಟ ನೈಲಾನ್.

ಗಿಟಾರಿಗೆ ಬರುವ ಮೊದಲು ನೈಲಾನ್ ಎಲ್ಲಿತ್ತು ಹೇಳಿ? ಜನರ ಹಲ್ಲಿನ ಮೇಲೆ! 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರೊದರ್ಸ್ ತಂಡ ಇದನ್ನು ತಯಾರಿಸಿತು. 1938ರಲ್ಲಿ ಅದು ಮೊದಲು ಅಂಗಡಿಗೆ ಬಂದದ್ದು ಟೂತ್‌ಬ್ರಷ್ಷಿನ ಎಳೆಗಳಾಗಿ.

ಅದಕ್ಕೂ ಮುಂಚೆ? ಕುರಿಯ ಕರುಳು! ತೊಳೆದು, ಹೊಸೆದು, ಒಣಗಿಸಿ ತಂತಿ ಮಾಡುತ್ತಿದ್ದರು. ಎರಡನೇ ಮಹಾಯುದ್ಧ ಬಂತು. ಗಾಯ ಹೊಲಿಯಲು ಕರುಳಿನ ದಾರ ಬೇಕಾಯಿತು, ಗಿಟಾರಿಗೆ ತಂತಿಯ ಬರ ಬಿತ್ತು. ಆಗ ನೈಲಾನ್ ಹಿಡಿದು ಕೂತವರು ನ್ಯೂಯಾರ್ಕಿನ ಗಿಟಾರ್ ತಯಾರಕ ಆಲ್ಬರ್ಟ್ ಆಗಸ್ಟೀನ್. ನುಡಿಸಿ ಮೆಚ್ಚಿದವರು ಯಾರು ಬಲ್ಲಿರಾ? ಸ್ಪೇನಿನ ದಿಗ್ಗಜ ಆಂದ್ರೆಸ್ ಸೆಗೋವಿಯಾ! 1940ರ ದಶಕ ಮುಗಿಯುವಷ್ಟರಲ್ಲಿ ಕರುಳಿನ ಕಾಲವೂ ಮುಗಿಯುತ್ತ ಬಂದಿತ್ತು.

ಇನ್ನು ಮಂದ್ರದ ಮೂರು ತಂತಿಗಳು. ನೋಡಲು ಲೋಹ, ಒಳಗೆ ಮಾತ್ರ ನವಿರು ನೈಲಾನ್ ಎಳೆಗಳ ಕಂತೆ! ಅದರ ಸುತ್ತ ಬೆಳ್ಳಿ ಲೇಪದ ತಾಮ್ರದ ಸರಿಗೆ. ಕಾಪುವಿನ ಉಪ್ಪುಗಾಳಿ, ಬೆರಳಿನ ಬೆವರು ಎರಡೂ ಕಚ್ಚುವುದು ಈ ಸರಿಗೆಯನ್ನೇ. ಅದಕ್ಕೇ ಮಂದ್ರದ ತಂತಿಗಳು ಮೊದಲು ಮಂಕಾಗುತ್ತವೆ. ಮೇಲಿನ ನೈಲಾನ್ ತಂತಿಗಳಿಗೆ ತುಕ್ಕೇ ಇಲ್ಲ! ಕಡಲ ತಡಿಯಲ್ಲಿದ್ದೀರಾ? ಮಂದ್ರದ ಮೂರನ್ನಷ್ಟೇ ಬದಲಿಸಿ ನೋಡಿ, ದುಡ್ಡು ಉಳಿಯುತ್ತದೆ.

‘ಕಾರ್ಬನ್’ ಎಂದು ಮಾರುವ ತಂತಿಯ ಕಥೆ ಇನ್ನೂ ಸೊಗಸು. ಅದು ಫ್ಲೋರೋಕಾರ್ಬನ್. 1971ರಲ್ಲಿ ಜಪಾನಿನ ಕುರೇಹ ಕಂಪನಿ ಅದರಿಂದ ಗಾಳದ ದಾರ ಮಾಡಿತು. ನೀರಿನಲ್ಲಿ ಮೀನಿಗೆ ಕಾಣುವುದೇ ಕಷ್ಟ! ನೈಲಾನಿಗಿಂತ ಒಂದೂವರೆ ಪಟ್ಟು ಸಾಂದ್ರ, ಹಾಗಾಗಿ ಅದೇ ಶ್ರುತಿಗೆ ತೆಳು ತಂತಿ ಸಾಕು. ದಪ್ಪ ನೈಲಾನಿನ ಮೂರನೇ ತಂತಿ ಮಂಕಾಗಿ ನುಡಿಯುತ್ತದೆಂದು ಗೊಣಗುವವರೆಲ್ಲ ಒಮ್ಮೆ ಇದನ್ನು ಹಾಕಿ ನೋಡಲೇಬೇಕು. ಇನ್ನೊಂದು ಗುಟ್ಟು: ನೈಲಾನ್ ಗಾಳಿಯ ತೇವ ಹೀರುತ್ತದೆ, ಇದು ಹೀರುವುದೇ ಇಲ್ಲ ಎನ್ನಬಹುದು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವ ಉಡುಪಿ ಸೀಮೆಗೆ ಇದಕ್ಕಿಂತ ಇನ್ನೇನು ಬೇಕು!

ಫ್ಲಮೆಂಕೋ ಗಿಟಾರಿಗೆ ಬನ್ನಿ. ಸಾಂಪ್ರದಾಯಿಕವಾಗಿ ಅದರ ಮೈ ಹಗುರವಾದ ಸೈಪ್ರಸ್ ಮರದ್ದು. ತಂತಿಗಳು ಹಲಗೆಗೆ ಬಹಳ ಹತ್ತಿರ. ಜೋರಾಗಿ ಮೀಟಿದರೆ ಕೊಂಚ ಝೇಂಕಾರ, ಅದೇ ಅದರ ಅಂದ! ನಮ್ಮ ತಂಬೂರಿಯ ಕುದುರೆಯ ಮೇಲೆ ಜೀವಾಳಿ ಎಳೆ ಇಟ್ಟು ಝೇಂಕಾರ ಬರಿಸುತ್ತೇವಲ್ಲ, ಅಂಥ ರುಚಿಯೇ ದೂರದ ಆಂದಲೂಸಿಯಾದವರಿಗೂ! ಚುರುಕಾಗಿ, ಖಡಕ್ಕಾಗಿ ನುಡಿಯುವ ತಂತಿಯನ್ನೇ ಅವರು ಹುಡುಕುತ್ತಾರೆ. ಅವರಿಗಾಗಿ ಕೆಂಪು, ಕಪ್ಪು ನೈಲಾನ್ ತಂತಿಗಳೂ ಬರುತ್ತವೆ ಗೊತ್ತೇ!

ಉಡುಪಿಯ ಅಂಗಡಿಯಲ್ಲಿ ಬರೀ ‘ಗಿಟಾರ್ ತಂತಿ ಕೊಡಿ’ ಎನ್ನಬೇಡಿ. ನೈಲಾನ್ ಎಂದು ಬಾಯಿಬಿಟ್ಟು ಹೇಳಿ. ಆರು ನೈಲಾನ್ ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೋ. ಉಕ್ಕಿನವು? 70 ಕಿಲೋ ದಾಟುತ್ತವೆ! ಕ್ಲಾಸಿಕಲ್ ಗಿಟಾರಿಗೆ ಉಕ್ಕು ಬಿಗಿದರೆ ಕುದುರೆಯೇ ಕಿತ್ತು ಬಂದೀತು.

ಪೊಟ್ಟಣದ ಮೇಲೆ ನಾರ್ಮಲ್, ಹೈ, ಎಕ್ಸ್‌ಟ್ರಾ ಹೈ ಎಂದೆಲ್ಲ ಇರುತ್ತದೆ. ಅದು ಗುಣಮಟ್ಟದ ಮಾತಲ್ಲ, ಬಿಗಿಯ ಮಾತು! ಕಾರ್ಕಳದ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ಬೆರಳು ನೋಯುತ್ತದೆ. ಅಂಥ ದಿನಗಳಿಗೆ ನನ್ನ ಓಟು ನಾರ್ಮಲ್‌ಗೇ.

ಹಾಂ, ನಾಳೆ ಕಛೇರಿಯೇ? ಇವತ್ತು ಹೊಸ ತಂತಿ ಹಾಕಲೇಬೇಡಿ. ಹೊಸ ನೈಲಾನ್ ದಿನಗಟ್ಟಲೆ ಹಿಗ್ಗುತ್ತಲೇ ಇರುತ್ತದೆ, ಶ್ರುತಿ ಇಳಿಯುತ್ತಲೇ ಇರುತ್ತದೆ!