ಸಮಬಲರ ಸೆಣಸಾಟ

ಘಟಪ್ರಭಾ ನದಿಗೆ ಕಟ್ಟಿರುವ ಹಿಡಕಲ್ ಅಣೆಕಟ್ಟಿನ ನೀರುಂಡು ಬೆಳೆಯುವ ಕಬ್ಬಿನ ನಾಡಿನಲ್ಲಿ ಹುಕ್ಕೇರಿ, ಗೋಕಾಕ, ಮೂಡಲಗಿ ಎಂಬ ಮೂರು ತಾಲ್ಲೂಕುಗಳಿವೆ. ಮೂಡಲಗಿಯು ಪ್ರತ್ಯೇಕ ತಾಲ್ಲೂಕಾಗುವ ಮುನ್ನ ಗೋಕಾಕಕ್ಕೇ ಸೇರಿತ್ತು. ಈ ಮೂರೂ ತಾಲ್ಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿರುವುದರಿಂದ, ಅಲ್ಲಿಯ ಶಾಲೆಗಳ ಕಬಡ್ಡಿ ತಂಡಗಳು ತಾಲ್ಲೂಕು ಮಟ್ಟದಲ್ಲಿ ಗೆದ್ದು ಬಂದರೆ ಜಿಲ್ಲಾ ಕ್ರೀಡಾಕೂಟದಲ್ಲಿ ಎದುರುಬದುರಾಗುತ್ತವೆ. ಒಂದೇ ಮಣ್ಣಿನಲ್ಲಿ ಆಡಿ, ಒಂದೇ ರೊಟ್ಟಿಯುಂಡು ಬೆಳೆದವರ ನಡುವೆ ಬಲದ ಅಂತರ ಕೂದಲೆಳೆಯಷ್ಟೇ ಇದ್ದರೆ ಆಶ್ಚರ್ಯವಿಲ್ಲ. ಆಗ ಆಟಕ್ಕೆ ಮೊದಲೇ ಅಂಗಳದ ಸುತ್ತ ಒಂದು ಪ್ರಶ್ನೆ ಹರಿದಾಡುತ್ತದೆ: ಗೆಲ್ಲುವವರು ಯಾರು?

ಉತ್ತರ ಹುಡುಕುವವರು ಮೊದಲು ಹಿಂದಿನ ಗೆಲುವುಗಳನ್ನು ಎಣಿಸುತ್ತಾರೆ. ಬಲ್ಲವರು ಅಷ್ಟಕ್ಕೇ ನಿಲ್ಲದೆ, ಅಂಕಗಳು ಬಂದ ದಾರಿಯನ್ನು ನೋಡುತ್ತಾರೆ. ಕಬಡ್ಡಿಯಲ್ಲಿ ಒಂದು ತಂಡದ ಏಳು ಮಂದಿ ಅಂಕಣದಲ್ಲಿರುತ್ತಾರೆ. ದಾಳಿಗಾರನು 30 ಸೆಕೆಂಡುಗಳೊಳಗೆ ಎದುರಾಳಿಗಳನ್ನು ಮುಟ್ಟಿ ಮರಳಬೇಕು. ಅವರು ಅವನನ್ನು ಹಿಡಿದು ನಿಲ್ಲಿಸಬೇಕು. ಒಂದು ತಂಡದ ಅಂಕಗಳೆಲ್ಲ ಒಬ್ಬನೇ ದಾಳಿಗಾರನಿಂದ ಬಂದಿದ್ದರೆ, ಅವನು ಔಟಾಗಿ ಹೊರಗೆ ಕುಳಿತಾಗ ಆ ತಂಡದ ಗತಿಯೇನು? ಇನ್ನೊಂದು ತಂಡದಲ್ಲಿ ದಾಳಿ ಸಾಧಾರಣವಾಗಿದ್ದು ಹಿಡಿತ ಬಿಗಿಯಾಗಿದ್ದರೆ, ಅದು ಎದುರಾಳಿಗಳೆಲ್ಲರನ್ನೂ ಔಟು ಮಾಡಿ ಲೋನಾದ ಎರಡು ಹೆಚ್ಚುವರಿ ಅಂಕ ಗಳಿಸಬಲ್ಲುದೇ? ಇಂಥ ಪ್ರಶ್ನೆಗಳೇ ನಿಜವಾದ ತೂಕದ ಕಲ್ಲುಗಳು.

ಇಷ್ಟೆಲ್ಲ ತೂಗಿದರೂ ಒಂದು ಮಾತು ಉಳಿಯುತ್ತದೆ. ನೂರು ಪಂದ್ಯಗಳಲ್ಲಿ 55ನ್ನು ಗೆಲ್ಲಬಲ್ಲ ತಂಡವು ಎದುರಾಳಿಗಿಂತ ನಿಶ್ಚಯವಾಗಿ ಮೇಲು. ಆದರೆ ಒಂದೇ ಪಂದ್ಯ ನಡೆದರೆ ಅದು ಸೋಲುವ ಸಂಭವ ನೂರಕ್ಕೆ 45. ಈ ಕೊರತೆಯನ್ನು ತಗ್ಗಿಸಲೆಂದು ಕೆಲವು ಆಟಗಳಲ್ಲಿ ಪಂದ್ಯಗಳ ಸರಣಿಯನ್ನೇ ಏರ್ಪಡಿಸುತ್ತಾರೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನ ಅಂತಿಮ ಹಣಾಹಣಿಯಲ್ಲಿ ಏಳು ಪಂದ್ಯಗಳವರೆಗೆ ಆಡಬಹುದು. ಮೊದಲು ನಾಲ್ಕನ್ನು ಗೆದ್ದವರು ವಿಜಯಿಗಳು. ಆದರೂ ಲೆಕ್ಕ ಹಾಕಿದರೆ, ಮೇಲೆ ಹೇಳಿದ ತಂಡವು ಅಂಥ ಸರಣಿಯನ್ನು ಗೆಲ್ಲುವ ಸಂಭವ ನೂರಕ್ಕೆ ಸುಮಾರು 61 ಮಾತ್ರ. ಸಮಬಲರ ನಡುವೆ ಏಳು ಪಂದ್ಯಗಳೂ ಪೂರ್ಣ ತೀರ್ಪು ನೀಡಲಾರವು.

2016ರಲ್ಲಿ ಕ್ಲೀವ್‌ಲ್ಯಾಂಡ್ ಮತ್ತು ಗೋಲ್ಡನ್ ಸ್ಟೇಟ್ ತಂಡಗಳ ನಡುವೆ ನಡೆದ ಸರಣಿಯೇ ಇದಕ್ಕೆ ನಿದರ್ಶನ. ಮೊದಲ ನಾಲ್ಕು ಪಂದ್ಯಗಳಲ್ಲಿ ಮೂರನ್ನು ಸೋತಿದ್ದ ಕ್ಲೀವ್‌ಲ್ಯಾಂಡ್ ಮುಂದಿನ ಎರಡನ್ನು ಗೆದ್ದು ಸಮನಾಯಿತು. ಆರು ಪಂದ್ಯಗಳು ಮುಗಿದಾಗ ಎರಡೂ ತಂಡಗಳ ಒಟ್ಟು ಅಂಕಗಳು 610! ಏಳನೆಯ ಪಂದ್ಯವನ್ನು ಕ್ಲೀವ್‌ಲ್ಯಾಂಡ್ 93-89ರಿಂದ ಗೆದ್ದಿತು. ಇಡೀ ಸರಣಿಯಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ ನಾಲ್ಕೇ ಅಂಕ.

ಶಾಲಾ ಕ್ರೀಡಾಕೂಟದಲ್ಲಿ ಏಳು ಪಂದ್ಯಗಳಿಗೆ ಕಾಲವಿಲ್ಲ. ವರ್ಷವಿಡೀ ಮುಂಜಾನೆ ಎದ್ದು ಮಾಡಿದ ಅಭ್ಯಾಸವೆಲ್ಲ ಒಂದೇ ಪಂದ್ಯದ ತಕ್ಕಡಿಗೆ ಬೀಳುತ್ತದೆ. ಕೊನೆಯ ದಾಳಿಯಲ್ಲಿ ಬೆರಳ ತುದಿ ಮಧ್ಯದ ಗೆರೆ ಮುಟ್ಟಿದರೆ ಒಂದು ಊರಿಗೆ ಹಬ್ಬ, ಮುಟ್ಟದಿದ್ದರೆ ಇನ್ನೊಂದು ಊರಿಗೆ. ತೀರ್ಪುಗಾರನ ಹಾಳೆಯಲ್ಲಿ ಗೆಲುವು ಸೋಲುಗಳು ದಾಖಲಾಗುತ್ತವೆಯೇ ಹೊರತು, ಒಂದು ಅಂಕದಿಂದ ಸೋತು ಹಿಂತಿರುಗುವ ಹುಡುಗರ ಸಾಮರ್ಥ್ಯ ಅಂದು ಬೆಳಿಗ್ಗೆ ಇದ್ದುದಕ್ಕಿಂತ ಎಳ್ಳಷ್ಟೂ ಕುಗ್ಗಿರುವುದಿಲ್ಲ. ಇದನ್ನರಿತ ತಂಡವೇ ಮರುದಿನ ಮುಂಜಾನೆ ಮತ್ತೆ ಅಂಗಳಕ್ಕೆ ಇಳಿಯುತ್ತದೆ.